ವಾಲ್ ಒಗೀಬ್ಯಾಡ್ರಿ ಕಾಕಾ

ಹಳೇ ಮೈಕ್ ಸೆಟ್ಟು ಕೈಕೊಟ್ಟರೆ ನಮ್ಮ ಕಡೆ ಗೂಬೆ ಕೂರೋದು ಮೊದಲು ವಾಲ್ವಿನ ಮೇಲೆ. ಗಾಜಿನದು, ಕಣ್ಣಿಗೆ ಕಾಣುತ್ತದೆ, ಕೈಯಲ್ಲೇ ಕಿತ್ತು ತೆಗೆಯಬಹುದು. ತಗಡಿನ ಪೆಟ್ಟಿಗೆಯ ತಳದಲ್ಲಿ ಕೂತಿರುವ ಕೆಪಾಸಿಟರಿನ ಮುಖ ಯಾರು ನೋಡುತ್ತಾರೆ? ನಮ್ಮ ಗೋರ್ಟಾದ ಬಾಜು ಮನೆ ಕಾಕಾ ಕೂಡ ಹಾಗೇ ಒಂದು ವಾಲ್ವನ್ನು ಹಳೇ ಪೇಪರಿನಲ್ಲಿ ಸುತ್ತಿಕೊಂಡು ಗೋಡೆಯ ಆಚೆ ನಿಂತಿದ್ದರು.

"ಹೈದ್ರಾಬಾದಿಗಿ ಹೊಂಟೀನಿ. ಕೋಟಿ ಬಾಜಾರದಾಗ ಇಂಥಾದೇ ಒಂದ್ ಹುಡುಕ್ಕೊಂಡ್ ಬರ್ತೀನಿ. ಇದು ಹೋತು."

"ಹೋತು ಅಂತ ಯಾರ್ ಹೇಳಿದ್ರು? ಏನಾಗ್ತದ ಹೇಳ್ರಿ ಮೊದಲ."

"ಭೋಂಗಾದಾಗ ಗುಂಯ್ ಅಂತದ. ಮಾತು ಹರದ್ಹರದ್ ಬರ್ತದ. ಜರಾ ಹೊತ್ತಿಗಿ ಈ ವಾಲಿನ ಹೊಟ್ಟಿ ನಿಗಿನಿಗಿ ಕೆಂಪಾಗ್ತದ."

ಆ ಸೆಟ್ಟು ಕಾಕಾ ಅವರ ತಂದೆಯ ಕಾಲದ್ದು. ಮದುವೆಗೆ, ಸಪ್ತಾಹದ ಭಜನೆಗೆ, ಬಸವ ಜಯಂತಿಗೆ ಊರೂರು ತಿರುಗಿದ್ದು. ಈಗ ಅಂಗೈಯಗಲದ ಮಶಿನ್ ಬಂದಿವೆ, ಹುಡುಗರಿಗೆ ಅವೇ ಸಾಕು. ಆದರೆ ಕಾಕಾಗೆ ಸೆಪ್ಟೆಂಬರ್ 17ಕ್ಕೆ ಇದೇ ಬೇಕು. 1948ರ ಮೇ ತಿಂಗಳಲ್ಲಿ ರಜಾಕಾರರು ಈ ಊರಿನಲ್ಲಿ ಮಾಡಿದ ಹತ್ಯಾಕಾಂಡದ ಮಾತು ಕೇಳುತ್ತಲೇ ಬೆಳೆದವರು ಅವರು. ಹೈದರಾಬಾದ್ ಸಂಸ್ಥಾನದ ವಿಮೋಚನೆಯ ದಿನ ಧ್ವಜ ಏರುವಾಗ ಅಪ್ಪನ ಸೆಟ್ಟಿನಲ್ಲೇ ನಾಲ್ಕು ಮಾತಾಡಬೇಕೆಂಬುದು ಅವರ ಹಟ. ಅದು ನ್ಯಾಯವಾದ ಹಟ ಅಂತ ನನಗೂ ಅನ್ನಿಸಿತು.

ಪೇಪರು ಬಿಚ್ಚಿ ವಾಲ್ವನ್ನು ಬಿಸಿಲಿಗೆ ಹಿಡಿದೆ. ನೆತ್ತಿಯ ಒಳಗಡೆ ಬೆಳ್ಳಿಯ ಹೊಳಪು ಇರುತ್ತದಲ್ಲ, ಅದು ಅಂದಕ್ಕೆ ಬಳಿದದ್ದಲ್ಲ. ಅದು ಬೇರಿಯಂ. ಒಳಗೆ ಅಷ್ಟಿಷ್ಟು ಉಳಿದ ಗಾಳಿಯನ್ನು ಹೀರಿ ನಿರ್ವಾತವನ್ನು ಕಾಯುವುದೇ ಅದರ ಕೆಲಸ. ಎಲ್ಲಾದರೂ ಸೀಳು ಬಿಟ್ಟು ಹೊರಗಿನ ಗಾಳಿ ನುಗ್ಗಿದರೆ ಬೆಳ್ಳಿ ಹೋಗಿ ಹಾಲುಬಿಳುಪು ಬರುತ್ತದೆ. ಆಗ ಮಾತಿಲ್ಲ, ವಾಲ್ವ್ ಸತ್ತಂತೆಯೇ. ಕಾಕಾ ಅವರದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಗಾಜಿನ ಮೇಲೆ ಅರ್ಧ ಅಳಿಸಿದ ಅಕ್ಷರ: ಬಿಇಎಲ್, ಇಎಲ್ 34.

"ಇದು ಎಲ್ಲೀದ್ ಗೊತ್ತೇನ್ರಿ? ಬೆಂಗಳೂರಿನ ಜಾಲಹಳ್ಳೀದು."

ಕಾಕಾ ನಂಬಲಿಲ್ಲ. ಇಷ್ಟು ವರ್ಷ ಅದು ವಿಲಾಯತಿ ಮಾಲು ಅಂದುಕೊಂಡಿದ್ದರಂತೆ. ಬಿಇಎಲ್ ಅಂದರೆ ಭಾರತ್ ಎಲೆಕ್ಟ್ರಾನಿಕ್ಸ್, ಶುರುವಾದದ್ದು 1954ರಲ್ಲಿ. ಫಿಲಿಪ್ಸ್ ಕಂಪನಿಯ ಸಹಯೋಗದಲ್ಲಿ 1961ರಿಂದ ಅಲ್ಲಿ ರೇಡಿಯೋ ವಾಲ್ವ್ ತಯಾರಾಗತೊಡಗಿದವು. ಹೆಸರಿನ ಗುಟ್ಟೂ ಹೇಳಿದೆ: 'ಇ' ಅಂದರೆ ಒಳಗಿನ ಹೀಟರಿಗೆ 6.3 ವೋಲ್ಟ್, 'ಎಲ್' ಅಂದರೆ ಭೋಂಗಾ ಕೂಗಿಸುವಷ್ಟು ಶಕ್ತಿ ಕೊಡುವ ಪೆಂಟೋಡ್, 3 ಅಂದರೆ ಎಂಟು ಕಾಲಿನ ಬುಡ. ಸೆಟ್ಟಿನ ಮುಂದಿನ ಸಾಲಿನಲ್ಲಿದ್ದ ಪುಟ್ಟ ಇಸಿಸಿ 83 ಒಂದೇ ಗಾಜಿನಲ್ಲಿ ಎರಡು ಟ್ರಯೋಡ್ ಇರುವಂಥದ್ದು, ಮೈಕಿನ ಸಣ್ಣ ದನಿಯನ್ನು ದೊಡ್ಡದು ಮಾಡುವುದು ಅದರ ಪಾಲು. ಕನ್ನಡದ ನೆಲದಲ್ಲಿ, ಕನ್ನಡದ ಎಷ್ಟೋ ಕೈಗಳು ಮಾಡಿದ ಈ ವಸ್ತು ನಮ್ಮ ಹಳ್ಳಿಗಳ ಅಟ್ಟಗಳಲ್ಲಿ ಇನ್ನೂ ಜೀವ ಹಿಡಿದಿದೆ. ಗುಜರಿಯವನಿಗೆ ಕೊಡುವ ಮೊದಲು ಇದು ಗೊತ್ತಿರಬೇಕು.

ಸರಿ, ಕಾಕಾ ಅವರ ಮನೆಗೇ ಹೋಗಿ ಪರೀಕ್ಷೆ. ಸೆಟ್ಟಿನಲ್ಲಿ ಇಎಲ್ 34 ಎರಡು, ಅಕ್ಕಪಕ್ಕ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಸಿದೆ. ಕೆಂಪಾಗುವುದು ವಾಲ್ವಿನ ಜೊತೆ ಆಚೆ ಹೋದರೆ ತಪ್ಪು ವಾಲ್ವಿನದು. ಮೊದಲಿದ್ದ ಸಾಕೆಟ್ಟಿನಲ್ಲೇ ಉಳಿದರೆ ವಾಲ್ವ್ ನಿರಪರಾಧಿ. ಸ್ವಿಚ್ ಹಾಕಿ ಕಾದೆವು. ಮೊದಲು ಕೆಂಪಾಗುತ್ತಿದ್ದ ಅದೇ ಎಡಗಡೆ ಸಾಕೆಟ್ಟಿನಲ್ಲಿ, ಈಗ ಕೂತಿದ್ದ ಬೇರೆ ವಾಲ್ವಿನ ಹೊಟ್ಟೆ ಮಬ್ಬಾಗಿ ಕೆಂಪೇರಿತು. ತಕ್ಷಣ ಆಫ್ ಮಾಡಿಸಿದೆ, ಆ ಸ್ಥಿತಿಯಲ್ಲಿ ಬಿಟ್ಟರೆ ಒಳ್ಳೆಯ ವಾಲ್ವೂ ಸುಟ್ಟುಹೋಗುತ್ತದೆ.

"ಅಂದ್ರ ಎರಡೂ ಕೆಟ್ಟಾವು?"

"ಎರಡೂ ಚೊಲೋ ಅವ ಕಾಕಾ. ಎತ್ತಿಗೆ ಜ್ವರ ಬಂದ್ರ ಎಮ್ಮಿಗಿ ಬರಿ ಹಾಕೋದು ಅಂದ್ರ ಇದೇ."

ಹಿಂದಿನ ವಾಲ್ವಿನಿಂದ ದನಿ ಈ ವಾಲ್ವಿನ ಗ್ರಿಡ್ಡಿಗೆ ಬರುವುದು ಒಂದು ಕೆಪಾಸಿಟರಿನ ಮೂಲಕ. ಅದು ದನಿಯನ್ನು ದಾಟಿಸಬೇಕು, ಹಿಂದಿನ ವಾಲ್ವಿನ ನೂರಾರು ವೋಲ್ಟನ್ನು ತಡೆಯಬೇಕು. ಮೇಣ ತುಂಬಿದ ಹಳೇ ಕಾಗದದ ಕೆಪಾಸಿಟರಿಗೆ ವಯಸ್ಸಾದರೆ ತಡೆಯುವ ಶಕ್ತಿ ಹೋಗುತ್ತದೆ. ತೊಟ್ಟು ತೊಟ್ಟಾಗಿ ವೋಲ್ಟೇಜು ಸೋರಿ ಗ್ರಿಡ್ಡಿನ ಹಿಡಿತ ಸಡಿಲಾಗುತ್ತದೆ, ವಾಲ್ವಿನಲ್ಲಿ ಕರೆಂಟು ಮಿತಿ ಮೀರಿ ಹರಿಯುತ್ತದೆ. ಇಎಲ್ 34ರ ಪ್ಲೇಟು ತಾಳುವ ಶಾಖ 25 ವಾಟ್ ಮಾತ್ರ. ಅದಕ್ಕಿಂತ ಹೆಚ್ಚಾದಾಗ ಬರುವುದೇ ಈ ಕೆಂಪು.

ಖಾತ್ರಿ ಮಾಡಿಕೊಳ್ಳಲು ಆ ವಾಲ್ವ್ ಕಿತ್ತು, ಸಾಕೆಟ್ಟಿನಲ್ಲಿ ಗ್ರಿಡ್ಡಿನದಾದ 5ನೇ ಕಾಲಿಗೆ ಮೀಟರ್ ಹಿಡಿದೆ. ಈ ಸೆಟ್ಟಿನಲ್ಲಿ ಅಲ್ಲಿ ಸೊನ್ನೆ ಇರಬೇಕು. ಮುಳ್ಳು ಮೇಲೆ ಹೋಯಿತು. ವಾಲ್ವ್ ಇಲ್ಲದಿದ್ದರೂ ವೋಲ್ಟೇಜ್ ಬಂತೆಂದರೆ ಕಳ್ಳ ಕೆಪಾಸಿಟರೇ. ವಾಲ್ವ್ ಹಾಕಿದಾಗ ಮಾತ್ರ ಬಂದಿದ್ದರೆ ವಾಲ್ವಿನಲ್ಲೇ ಗಾಳಿ ಸೇರಿದೆ ಅಥವಾ ಅದರ ಗ್ರಿಡ್ಡೇ ಕೆಟ್ಟಿದೆ ಅಂತ ಲೆಕ್ಕ.

ಇದನ್ನೆಲ್ಲ ಓದಿ ಯಾರೂ ಪಟ್ಟನೆ ಪೆಟ್ಟಿಗೆ ಬಿಚ್ಚಬಾರದು. ಒಳಗೆ 400 ವೋಲ್ಟಿಗೂ ಹೆಚ್ಚು ಓಡಾಡುತ್ತಿರಬಹುದು, ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ದಪ್ಪ ರೆಸಿಸ್ಟರ್ ಹಚ್ಚಿ ಅದನ್ನು ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೇ ಬೆರಳು ಒಳಗೆ ಹೋಗಬೇಕು. ಕರೆಂಟು ಇರುವಾಗ ಅಳೆಯುವುದಾದರೆ ಒಂದು ಕೈ ಜೇಬಿನಲ್ಲಿರಲಿ. ಅಭ್ಯಾಸ ಇಲ್ಲದವರು ಗೊತ್ತಿದ್ದವರ ಕೈಯಲ್ಲೇ ಮಾಡಿಸಲಿ.

ವಾಲ್ವ್ ನಿಜವಾಗಿ ಕೆಡುವುದೇ ಇಲ್ಲ ಅಂತಲ್ಲ. ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿದಾಗ ಭೋಂಗಾದಲ್ಲಿ ಗಂಟೆಯಂಥ ದನಿ ಬಂದರೆ ಆ ಇಸಿಸಿ 83 ಬದಲಿಸಬೇಕು. ಪ್ಲೇಟುಗಳ ನಡುವೆ ನೇರಳೆ ಮಂಜು ತುಂಬಿದರೆ ಅದೂ ಹೋಯಿತು. ಗಾಜಿನ ಒಳಮೈಗೆ ಅಂಟಿದಂತೆ ಕಾಣುವ ನೀಲಿ ಬೆಳಕಿಗೆ ಮಾತ್ರ ಹೆದರಬೇಕಿಲ್ಲ. ಚರಚರ ಸದ್ದಿಗೆ ಬಹಳ ಸಲ ಸಾಕೆಟ್ಟಿನ ಕಿಲುಬು ಕಾರಣ, ಒರೆಸಿದರೆ ಸಾಕು.

"ಹಂಗಾರ ಏನ್ ತರ್ಲಿ?"

"ಕೆಪಾಸಿಟರ್ ಎರಡು. ಹಳೇದರ ಮ್ಯಾಲ ಬರ್ದಷ್ಟೇ ಮೈಕ್ರೋಫ್ಯಾರಡ್, 630 ವೋಲ್ಟಿಂದು. ಬಸವಕಲ್ಯಾಣದಾಗ ಟಿವಿ ರಿಪೇರಿ ಮಾಡೋರ ಹಂತ್ಯಾಕ ಕೇಳ್ರಿ. ಎರಡೂ ಒಂದೇ ವಯಸ್ಸಿನವ, ಎರಡೂ ಬದಲಿ ಮಾಡೂಣು."

"ಗುಂಯ್ ಅನ್ನೋದು?"

ಅದು ಬೇರೆ ರೋಗ. ವಾಲ್ಯೂಮ್ ಪೂರಾ ಇಳಿಸಿದರೂ ಗುಂಯ್ ಹಾಗೇ ಇದ್ದರೆ ಫಿಲ್ಟರ್ ಕೆಪಾಸಿಟರ್ ಒಣಗಿರಬಹುದು. ವಾಲ್ಯೂಮ್ ಜೊತೆ ಏರಿಳಿದರೆ ಮೈಕಿನ ತಂತಿಯಿಂದ ಮೊದಲ ವಾಲ್ವಿನವರೆಗೆ ಹುಡುಕಬೇಕು. ಕೆಪಾಸಿಟರ್ ಹಾಕಿದ ಮೇಲೆ ಮೊದಲ ಸಲ ಸೀರೀಸಿನಲ್ಲಿ ಬಲ್ಬು ಕಟ್ಟಿ ಕರೆಂಟು ಕೊಡೋಣ, ಭೋಂಗಾದ ತಂತಿ ಮಾತ್ರ ಹಚ್ಚಿರಲೇಬೇಕು, ಅದಿಲ್ಲದೆ ದನಿ ಕೊಟ್ಟರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ, ಅದು ಹುಡುಕಿದರೂ ಸಿಗೋದು ಕಷ್ಟ ಅಂದೆ. ಕಾಕಾ ಭೋಂಗಾ ಇಳಿಸಿಕೊಂಡು ಬರಲು ಅಟ್ಟ ಹತ್ತಿದರು.