ಮೇಂಟೆನೆನ್ಸ್ ಇಲ್ಲದ ಮಹಾಶಯರು

ಆಲಸ್ಯದಲ್ಲಿ ಎರಡು ವಿಧ. ಕೆಲಸವನ್ನು ಕಂಡೊಡನೆ ಕಂಬಳಿಯನ್ನು ಮೋರೆಯ ಮೇಲೆಳೆದುಕೊಂಡು ಮಲಗುವವರದು ಪ್ರಾಕೃತ ಆಲಸ್ಯ. ಅದು ತನ್ನ ಪಾಡಿಗೆ ತಾನಿದ್ದು ಅನ್ಯರಿಗೆ ಅಷ್ಟಾಗಿ ಬಾಧಕವಾಗದು. ಮುಂದಿನ ಮೂವತ್ತು ವರ್ಷಗಳಲ್ಲಿ ಒಮ್ಮೆಯಾದರೂ ಪೊರಕೆಯನ್ನು ಮುಟ್ಟುವ ಪ್ರಸಂಗ ಒದಗಬಾರದೆಂಬ ಮಹಾಧ್ಯೇಯವನ್ನು ಮುಂದಿಟ್ಟುಕೊಂಡು, ಅದರ ಸಾಧನೆಗಾಗಿ ಊಟನಿದ್ರೆಗಳನ್ನು ತೊರೆದು, ಮನೆಯವರ ಊಟನಿದ್ರೆಗಳನ್ನೂ ಕೆಡಿಸಿ, ಹಗಲಿರುಳು ದುಡಿಯುವವರದು ಸಂಸ್ಕಾರಗೊಂಡ ಆಲಸ್ಯ. ಬೆಂಗಳೂರಿನ ಯಾವುದಾದರೊಂದು ಕಚೇರಿಯ ಉನ್ನತ ಪದವಿಯಿಂದ ನಿವೃತ್ತರಾಗಿ, ಪಿತ್ರಾರ್ಜಿತ ಅಡಕೆ ತೋಟದ ಮಗ್ಗುಲಲ್ಲಿ ಶೇಷಾಯುಷ್ಯವನ್ನು ಶಾಂತಿಯಿಂದ ಕಳೆಯುವೆವೆಂದು ಮಲೆನಾಡಿಗೆ ಬಂದಿಳಿಯುವ ಮಹನೀಯರಲ್ಲಿ ಅನೇಕರು ಈ ಎರಡನೆಯ ಪಂಥದವರು. ಇವರನ್ನು ಗುರುತಿಸುವುದು ಕಷ್ಟವಲ್ಲ. ಹಸುವನ್ನು ತೋರಿಸಿದರೆ ಹಾಲೆಷ್ಟೆಂದು ಕೇಳರು. ಮಾವಿನ ಸಸಿಯನ್ನು ತೋರಿಸಿದರೆ ಹಣ್ಣಿನ ರುಚಿ ಎಂತಹುದೆಂದು ವಿಚಾರಿಸರು. ‘ಇದಕ್ಕೆ ಮೇಂಟೆನೆನ್ಸ್ ಎಷ್ಟು?’ ಎಂಬುದೇ ಇವರ ಆದ್ಯ ಪ್ರಶ್ನೆ, ಅಂತ್ಯ ಪ್ರಶ್ನೆಯೂ ಅದೇ. ದೇವಾಲಯದಲ್ಲಿ ಮಂಗಳಾರತಿಯನ್ನು ಕಣ್ಣಿಗೊತ್ತಿಕೊಂಡ ಮರುಕ್ಷಣವೇ, ಬೆಳ್ಳಿಯ ಪ್ರಭಾವಳಿ ಕಪ್ಪಾಗದಂತೆ ಏನು ಹಚ್ಚುವಿರೆಂದು ಅರ್ಚಕರನ್ನು ಕೇಳಿದವರೂ ಇವರಲ್ಲಿದ್ದಾರೆ.

ನಾನು ಬಲ್ಲ ಇಂತಹ ಒಬ್ಬ ರಾಯರು ಆಗುಂಬೆಗೆ ಸಮೀಪದ ಗ್ರಾಮವೊಂದರಲ್ಲಿ ನೆಲಸಿದರು. ಬೆಂಗಳೂರಿನಲ್ಲಿ ವರ್ಷವೆಲ್ಲ ಕೂಡಿ ಬೀಳುವ ಮಳೆ 1,000 ಮಿಲಿಮೀಟರಿನ ಆಸುಪಾಸು. ಆಗುಂಬೆಯಲ್ಲಿ ಅದು ಸರಾಸರಿ 7,000ವನ್ನು ಮೀರುತ್ತದೆ, ಅದರಲ್ಲಿಯೂ ಬಹುಭಾಗ ಆರ್ದ್ರೆಯಿಂದ ಆಶ್ಲೇಷೆಯವರೆಗಿನ ಎಂಟು ವಾರಗಳಲ್ಲಿಯೇ ಸುರಿದುಹೋಗುತ್ತದೆ. ಆ ದಿನಗಳಲ್ಲಿ ಚಪ್ಪಲಿಗೆ ಬೂಷ್ಟು, ಪುಸ್ತಕಕ್ಕೆ ಬೂಷ್ಟು, ಪೆಟ್ಟಿಗೆಯ ತಳದಲ್ಲಿರುವ ರೇಷ್ಮೆಯ ಮಡಿಗೂ ಬೂಷ್ಟು. ಮನುಷ್ಯನೂ ಒಂದೇ ಕಡೆ ಬಹಳ ಹೊತ್ತು ಕುಳಿತರೆ ಗತಿಯೇನೆಂಬ ಶಂಕೆ ಹೊಸಬರಿಗೆ ಉಂಟಾಗದಿರದು. ಮಳೆ ನಿಂತ ಮೇಲೆ ಗೆದ್ದಲಿನ ಸರದಿ. ಗೆದ್ದಲು ಬಿಟ್ಟದ್ದು ಚೈತ್ರ ವೈಶಾಖಗಳ ಬಿಸಿಲಿಗೆ.

ರಾಯರ ಪೂರ್ವಿಕರ ಮನೆಗೆ ಒಂದು ಜಗುಲಿಯಿತ್ತು. ಮೊದಲು ಅದಕ್ಕೆ ಸಗಣಿಯ ಸಾರಣೆ, ತರುವಾಯ ಕೆಂಪು ಕಾವಿಯ ನೆಲ. ತೆಂಗಿನೆಣ್ಣೆಯನ್ನು ತಿಕ್ಕಿ ತಿಕ್ಕಿ ಮೂರು ತಲೆಮಾರಿನ ಸೊಸೆಯಂದಿರು ಅದಕ್ಕೆ ಕನ್ನಡಿಯ ಹೊಳಪನ್ನು ತಂದಿದ್ದರು. ತಮ್ಮ ತಾಯಿ ಬಗ್ಗಿ ನೆಲವನ್ನು ಸಾರಿಸುತ್ತಿದ್ದುದನ್ನು ಬಾಲ್ಯದಲ್ಲಿ ಕಂಡು ಮನಸ್ಸು ಕರಗಿದ ರಾಯರು, ಆಗ ಸಹಾಯಕ್ಕೆ ಹೋಗದಿದ್ದರೂ, ಐವತ್ತು ವರ್ಷಗಳ ತರುವಾಯ ಆ ಜಗುಲಿಯನ್ನೇ ಕೆಡವಿಸಿ ಮಾತೃಋಣವನ್ನು ತೀರಿಸಿದರು. ಆ ಸ್ಥಳದಲ್ಲಿ ಬರತಕ್ಕದ್ದು ಡೆಕ್ಕು. ಈ ದರ್ಶನ ಅವರಿಗೆ ಲಭಿಸಿದ್ದು ಅಮೆರಿಕದ ಮಿನ್ನೆಸೋಟದಲ್ಲಿ, ಮಗನ ಮನೆಯ ಹಿತ್ತಿಲಲ್ಲಿ. ಅಲ್ಲಿ ಚಳಿಗಾಲದಲ್ಲಿ ಭೂಮಿಯೊಳಗಿನ ನೀರು ಹೆಪ್ಪುಗಟ್ಟಿ ಉಬ್ಬಿ ಕಂಬಗಳನ್ನು ಮೇಲಕ್ಕೆತ್ತುವುದರಿಂದ, ಆ ಸಂಸ್ಥಾನದ ದಕ್ಷಿಣ ಭಾಗದಲ್ಲಿಯೇ ಡೆಕ್ಕಿನ ಬುನಾದಿಯನ್ನು 42 ಅಂಗುಲ ಆಳಕ್ಕೆ ಇಳಿಸಬೇಕಾಗುತ್ತದೆ. ಅಂತಹ ಹಿಮವನ್ನು ಜಯಿಸಿದ ಹಲಗೆಗೆ ನಮ್ಮ ಮಳೆ ಯಾವ ಲೆಕ್ಕವೆಂಬುದು ರಾಯರ ತರ್ಕ. ಹಿಮದ ನಾಡಿನಲ್ಲಿ ವರ್ಷದ ಕೆಲವು ತಿಂಗಳು ಬೂಷ್ಟಿಗೂ ಹುಳುವಿಗೂ ರಜೆಯಿರುತ್ತದೆ, ಆಗುಂಬೆಯಲ್ಲಿ ಅವಕ್ಕೆ ಭಾನುವಾರವೂ ಇಲ್ಲವೆಂಬ ಸೂಕ್ಷ್ಮ ಈ ತರ್ಕದಲ್ಲಿ ಸೇರಿರಲಿಲ್ಲ.

ಅಲ್ಲಿಂದ ಮುಂದೆ ನಡೆದದ್ದು ಹಲಗೆಗಳ ಸ್ವಯಂವರ. ಮೊದಲು ಬಂದದ್ದು ನಮ್ಮ ಸಾಗುವಾನಿ. ಅದರ ಚೇಗಿನಲ್ಲಿ ಸ್ವಭಾವತಃ ಎಣ್ಣೆಯ ಅಂಶವಿರುವುದರಿಂದ ಗೆದ್ದಲು ಸುಲಭವಾಗಿ ಬಾಯಿಡದು; ಆದರೆ ಬಿಸಿಲು ಮಳೆಗಳಿಗೆ ತೆರೆದಿಟ್ಟರೆ ಅದು ಬೂದಿಯ ಬಣ್ಣಕ್ಕೆ ತಿರುಗುವುದೆಂದೂ, ಹೊಂಬಣ್ಣ ಉಳಿಯಬೇಕಾದರೆ ಆಗಾಗ ಎಣ್ಣೆ ಬಳಿಯಬೇಕೆಂದೂ ತಿಳಿದೊಡನೆ, ಎಣ್ಣೆಯೆಂಬ ಮಾತಿಗೇ ರಾಯರು ಮುಖವನ್ನು ತಿರುಗಿಸಿಕೊಂಡರು. ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳ ದ್ರಾವಣವನ್ನು ಒತ್ತಡದಿಂದ ಉಣಿಸಿದ ಪೈನ್ ಮರ ಅಮೆರಿಕದಲ್ಲಿ ಬಹುಕಾಲ ಬಳಕೆಯಲ್ಲಿದ್ದು, 2003ರ ಕೊನೆಗೆ ವಾಸದ ಮನೆಗಳಿಂದ ನಿರ್ಗಮಿಸಿತೆಂಬ ಚರಿತ್ರೆಯನ್ನು ರಾಯರು ಓದಿ ಹೇಳಿದಾಗ, ಅವರ ಪತ್ನಿ, ‘ಪಾಷಾಣದ ಮೇಲೆ ನಾನು ಹಪ್ಪಳ ಒಣಗಿಸೋಳಲ್ಲ’ ಎಂದು ಒಂದೇ ವಾಕ್ಯದಲ್ಲಿ ತೀರ್ಪಿತ್ತರು. ಮೂರನೆಯದಾಗಿ ಫಿನ್ಲೆಂಡಿನಿಂದ ಬಂದದ್ದು, ಹಬೆಯ ಸಾನ್ನಿಧ್ಯದಲ್ಲಿ 200 ಡಿಗ್ರಿಗೂ ಮಿಕ್ಕ ಶಾಖದಲ್ಲಿ ಹುರಿದ ಮರ. ಅದು ನೀರನ್ನು ಹೆಚ್ಚು ಹೀರದು, ಸುಲಭವಾಗಿ ಕೊಳೆಯದು. ರಾಯರು ವರಮಾಲೆಯನ್ನು ಎತ್ತಿಯೇ ಬಿಟ್ಟಿದ್ದರು. ಆದರೆ ಆ ಪಾಕದಿಂದ ಗೆದ್ದಲಿಗೆ ಏನೂ ಅಡ್ಡಿಯಾಗದೆಂಬುದು ಕಟ್ಟಕಡೆಗೆ ಹೊರಬಿತ್ತು. ಗೆದ್ದಲೇ ಇಲ್ಲದ ದೇಶದವರಿಗೆ ಆ ಚಿಂತೆ ಏಕೆ ಇದ್ದೀತು? ಬಳಿಕ ಬ್ರೆಜಿಲಿನ ಈಪೆ. ಬಹುಮಟ್ಟಿಗೆ ನೀರಿನಲ್ಲಿ ಮುಳುಗುವಷ್ಟು ಭಾರವಾದ ಆ ಹಲಗೆಗೆ ಮೊದಲೇ ತೂತು ಕೊರೆಯದೆ ಮೊಳೆಯನ್ನು ಹೊಡೆಯಹೋದ ನಮ್ಮೂರಿನ ಆಚಾರಿ, ಸೊಟ್ಟಗಾದ ಮೊಳೆಯನ್ನು ಎತ್ತಿ ತೋರಿಸಿ, ‘ರಾಯರೇ, ಇದು ಮರ ಅಲ್ಲ, ಮರದ ವೇಷ ಕಟ್ಟಿದ ಕಲ್ಲು’ ಎಂದ. ಕಲ್ಲೇ ಆದರೆ ಕಾರ್ಕಳದ ಕಲ್ಲು ಘಟ್ಟದ ಕೆಳಗೇ ಇದೆಯಲ್ಲ ಎಂಬ ಅವನ ಸೂಚನೆಯನ್ನು, ಕಲ್ಲಿಗೂ ಹಾವಸೆ ಕಟ್ಟುವುದೆಂಬ ಕಾರಣದಿಂದ ರಾಯರು ತಳ್ಳಿಹಾಕಿದರು.

ಕೊನೆಗೆ ಕೈಹಿಡಿದದ್ದು ಮರದ ಹಿಟ್ಟನ್ನೂ ಪ್ಲಾಸ್ಟಿಕ್ಕನ್ನೂ ಕಾಯಿಸಿ ಬೆರಸಿ ಅಚ್ಚಿನಲ್ಲಿ ಒತ್ತಿದ ಸಂಯುಕ್ತ ಹಲಗೆ. ಆದರೆ ರಾಯರು ಮಾರುವವನ ಮಾತನ್ನು ನಂಬುವಂತಹವರಲ್ಲ. ಮಾದರಿಯ ತುಂಡುಗಳನ್ನು ತರಿಸಿ, ಒಂದನ್ನು ಬಾವಿಯಲ್ಲಿ ಮುಳುಗಿಸಿದರು, ಒಂದನ್ನು ಗೊಬ್ಬರದ ಗುಂಡಿಯಲ್ಲಿ ಹೂಳಿದರು, ಮತ್ತೊಂದನ್ನು ತೋಟದ ಅಂಚಿನ ಹುತ್ತದ ಮೇಲೆ ನೆಟ್ಟು ದಿನವಹಿಯಲ್ಲಿ ತಾರೀಖನ್ನು ಬರೆದಿಟ್ಟರು. ಅಷ್ಟರಲ್ಲಿ ನಾಗರಪಂಚಮಿ ಬಂದಿತು. ಹುತ್ತಕ್ಕೆ ತನಿಯೆರೆಯಲು ಬಂದ ಊರ ಹೆಂಗಳೆಯರು, ಇಷ್ಟು ನೆಟ್ಟಗೆ ನಿಲ್ಲಿಸಿರುವುದು ಯಾವುದೋ ಹರಕೆಯದೇ ಇರಬೇಕೆಂದು ಹಲಗೆಗೂ ಅರಿಸಿನ ಕುಂಕುಮಗಳನ್ನು ಹಚ್ಚಿ ಹಾಲೆರೆದು ಹೋದರು. ಗೆದ್ದಲು ಅದನ್ನು ಮುಟ್ಟಲಿಲ್ಲ. ಹಾಲಿಗೆ ಇರುವೆ ಮುತ್ತಿದುದನ್ನು ರಾಯರು ‘ಬಾಹ್ಯ ಕಾರಣ’ವೆಂಬ ಶೀರ್ಷಿಕೆಯಲ್ಲಿ ಬರೆದುಕೊಂಡರು. ಅವರ ಪ್ರಯೋಗ ಮುಗಿದ ಮೇಲೂ ಆ ತುಂಡನ್ನು ಕೀಳಲು ಊರವರು ಬಿಡಲಿಲ್ಲವೆಂದು ಕೇಳಿದ್ದೇನೆ.

ಡೆಕ್ಕು ಸಿದ್ಧವಾಯಿತು. ಶಾಖಕ್ಕೆ ಹಿಗ್ಗುವ ಈ ಹಲಗೆಗಳ ನಡುವೆ ಬಿಡಬೇಕಾದ ಸಂದುಗಳನ್ನು ರಾಯರು ತಾವೇ ಅಳೆದು ಬಿಡಿಸಿದರು. ವೈಶಾಖದ ಮಧ್ಯಾಹ್ನದಲ್ಲಿ ಅದರ ಮೇಲೆ ಬರಿಗಾಲನ್ನಿಟ್ಟವರು ಒಂದೇ ಜಿಗಿತಕ್ಕೆ ಅಂಗಳವನ್ನು ಸೇರುತ್ತಿದ್ದರು. ‘ಅತಿಥಿಗಳು ಬಹಳ ಹೊತ್ತು ಕೂರುವುದಿಲ್ಲ, ಅದೂ ಒಂದು ಗುಣವೇ’ ಎಂದರು ರಾಯರು. ಮಳೆಗಾಲ ಬಂದಿತು. ಬೆಳೆಯುವುದಕ್ಕೆ ಹಾವಸೆಗೆ ಮರವೇ ಬೇಕೆಂದಿಲ್ಲ, ಧೂಳಿನ ಒಂದು ಪದರವೂ ನಿರಂತರವಾದ ತೇವವೂ ಇದ್ದರೆ ಸಾಕೆಂಬ ಪ್ರಕೃತಿನಿಯಮವನ್ನು ಹಲಗೆಗಳು ಹಸುರಿನಲ್ಲಿ ಪ್ರಕಟಿಸಿದವು. ತೋಟದಿಂದ ಹಾರಿಬಂದ ಕಸಕಡ್ಡಿಗಳು ಸಂದುಗಳನ್ನು ಮುಚ್ಚಿ ನೀರನ್ನು ನಿಲ್ಲಿಸಿದವು. ಅಡಿಯ ಕತ್ತಲಲ್ಲಿ ನೆರೆಮನೆಯ ಹೇಂಟೆ ಕಾವಿಗೆ ಕುಳಿತಿತು. ರಾಯರು ಗ್ಯಾರಂಟಿಯ ಪತ್ರವನ್ನು ಬಿಚ್ಚಿ, ಕನ್ನಡಕವನ್ನು ಒರಸಿಕೊಂಡು, ಅತಿ ಸಣ್ಣ ಅಕ್ಷರಗಳ ಪುಟಕ್ಕೆ ಬಂದರು. ಬೂಷ್ಟು ಹಾವಸೆಗಳಿಗೆ ತಯಾರಕರು ಬಾಧ್ಯರಲ್ಲ. ಮೇಲ್ಮೈಯನ್ನು ಕಾಲಕಾಲಕ್ಕೆ ಸಾಬೂನಿನ ನೀರಿನಿಂದಲೂ ಮೃದುವಾದ ಬ್ರಷ್ಷಿನಿಂದಲೂ ತೊಳೆಯತಕ್ಕದ್ದು. ತೊಳೆಯದಿದ್ದ ಪಕ್ಷದಲ್ಲಿ ಗ್ಯಾರಂಟಿಯು ರದ್ದಾಗುವುದು. ಮೇಂಟೆನೆನ್ಸ್ ಮಾಡಿದರೆ ಮಾತ್ರ ಅದು ಮೇಂಟೆನೆನ್ಸ್ ಇಲ್ಲದ ಹಲಗೆ.

ಸಾಮಾನ್ಯ ಮನುಷ್ಯನಾಗಿದ್ದರೆ ಇಲ್ಲಿಗೆ ಎದೆಗುಂದುತ್ತಿದ್ದ. ಈ ಪಂಥದವರ ಹಿರಿಮೆ ಕಾಣುವುದೇ ಇಂತಹ ಸಂದರ್ಭದಲ್ಲಿ. ಪ್ರತಿದಿನ ಪ್ರಾತಃಕಾಲ ಕೊಡೆಯನ್ನು ಕುತ್ತಿಗೆಗೆ ಸಿಕ್ಕಿಸಿಕೊಂಡು, ಕುಕ್ಕರಗಾಲಿನಲ್ಲಿ ಕುಳಿತು, ತೆಂಗಿನ ಕಡ್ಡಿಯಿಂದ ಸಂದುಗಳನ್ನು ಕೆದಕುವ ಕಾರ್ಯಕ್ಕೆ ರಾಯರು ‘ಪರಿವೀಕ್ಷಣೆ’ ಎಂದು ಹೆಸರಿಟ್ಟರು. ವಾರಕ್ಕೊಮ್ಮೆ ತಿಕ್ಕಿ ತೊಳೆಯುವುದು ‘ಪ್ರಯೋಗ’. ಹೇಂಟೆಯನ್ನು ಹೊರಡಿಸಲು ಮಲಗಿ ಕೋಲಾಡಿಸುವುದು ‘ತಳಭಾಗದ ತಪಾಸಣೆ’. ದುಡಿಮೆಗೆ ಅವರು ಎಂದೂ ಹಿಂಜರಿದವರಲ್ಲ. ಅದನ್ನು ಮೇಂಟೆನೆನ್ಸ್ ಎಂದು ಯಾರಾದರೂ ಕರೆದರೆ ಮಾತ್ರ ಸಹಿಸರು.

ಪುಷ್ಯ ಮಳೆಯ ಒಂದು ಸಂಜೆ ರಾಯರ ಭಾವಮೈದುನರು ಚಪ್ಪಲಿಯನ್ನು ಮೆಟ್ಟಲ ಬಳಿ ಬಿಟ್ಟು ಡೆಕ್ಕಿನ ಮೇಲೆ ಕಾಲಿರಿಸಿದವರು, ಕಾಲಿನ ಸಹಾಯವಿಲ್ಲದೆಯೇ ನಡುಮನೆಯ ಬಾಗಿಲನ್ನು ತಲಪಿದರು. ಮರುದಿನ ರಾಯರ ಪತ್ನಿ ಆಚಾರಿಯನ್ನು ಕರೆಸಿ, ಮುರಿದುಬಿದ್ದ ಅಡಕೆ ಮರವನ್ನು ಸೀಳಿಸಿ, ಅಂಗಳಕ್ಕೆ ಹಾಸುವಂತೆಯೇ ಡೆಕ್ಕಿನ ಉದ್ದಕ್ಕೂ ದಬ್ಬೆಗಳನ್ನು ಹಾಸಿಸಿದರು. ಇದಕ್ಕೆ ಎಷ್ಟು ವರ್ಷದ ಆಯುಸ್ಸೆಂದು ರಾಯರು ಗಂಭೀರವಾಗಿ ಕೇಳಲಾಗಿ, ಆಚಾರಿ, ‘ಒಂದು ಮಳೆಗಾಲ, ರಾಯರೇ. ಆಮೇಲೆ ಬಚ್ಚಲ ಒಲೇಲಿ ನೀರು ಕಾಸ್ತದೆ’ ಎಂದ. ಗ್ಯಾರಂಟಿಯ ಪತ್ರದಲ್ಲಿ ಈ ಬಗೆಯ ಷರತ್ತನ್ನು ರಾಯರು ಎಲ್ಲಿಯೂ ಓದಿರಲಿಲ್ಲ.

ಈಗ ಆ ಮನೆಗೆ ಹೋದವರು ಕಾಣುವುದು ದಬ್ಬೆಯನ್ನು. ಡೆಕ್ಕು ಅದರ ಕೆಳಗೆ ಬಿಸಿಲುಮಳೆಗಳ ಸೋಂಕಿಲ್ಲದೆ ಸುಖವಾಗಿದೆ. ಹೊಸದಾಗಿ ಮನೆ ಕಟ್ಟಿಸುವ ನಿವೃತ್ತರು ದೂರದೂರದಿಂದ ಸಲಹೆ ಕೇಳಲು ಬರುತ್ತಾರೆ. ರಾಯರು ಒಂದು ದಬ್ಬೆಯನ್ನು ಸರಿಸಿ, ‘ನೋಡಿ, ಬಣ್ಣ ಒಂದಿಷ್ಟಾದರೂ ಮಾಸಿದೆಯೇ? ಮೇಂಟೆನೆನ್ಸ್ ಶೂನ್ಯ’ ಎನ್ನುತ್ತಾರೆ. ಮೊನ್ನೆ ಹೀಗೆ ಬಂದವರಿಗೆ ಕಾಫಿ ತಂದಿಟ್ಟ ಅವರ ಪತ್ನಿ, ‘ಈ ಮನೇಲಿ ಮೇಂಟೆನೆನ್ಸ್ ಇಲ್ಲದೆ ನಲವತ್ತು ವರ್ಷ ಬಾಳಿಕೆ ಬಂದಿರೋದು ನಾನೊಬ್ಬಳೇ’ ಎಂದರು. ರಾಯರು ಇದನ್ನು ನ್ಯಾಯವಾದ ಹೇಳಿಕೆಯೆಂದು ಪರಿಗಣಿಸಿ, ‘ಅದರ ಆಯ್ಕೆ ನಮ್ಮ ತಂದೆಯವರದು, ಆ ಕಾಲದಲ್ಲಿ ಗ್ಯಾರಂಟಿ ಕಾರ್ಡು ಕೇಳುವ ಪದ್ಧತಿ ಇರಲಿಲ್ಲ’ ಎಂದು ಅತಿಥಿಗಳಿಗೆ ವಿವರಿಸಿದರು.

‘ಇದ್ದಿದ್ರೆ, ಮೊದಲ್ನೇ ಮಳೆಗಾಲದಲ್ಲೇ ನಿಮ್ಮನ್ನ ವಾಪಸು ಕೊಟ್ಟಿರ್ತಿದ್ದೆ’ ಎಂದು ಆಕೆ ಬರಿದಾದ ಲೋಟಗಳನ್ನೆತ್ತಿಕೊಂಡು ಒಳಕ್ಕೆ ನಡೆದರು.