ಪಾನಾರಾಯರು

ಮನೆಯಲ್ಲಿ ಒಂದು ಯಂತ್ರವು ಕೆಟ್ಟಿತೆಂಬ ವಾರ್ತೆ ಮೂರನೆಯ ಬಾಗಿಲಿಗೆ ಮುಟ್ಟುವ ಮೊದಲೇ, ಕರೆಯದೆ ಬಂದು, ಕುಳಿತುಕೊಳ್ಳಿರೆನ್ನುವ ಮುನ್ನ ಕುಳಿತು, ಕೇಳದ ಪ್ರಶ್ನೆಗೆ ಉತ್ತರವನ್ನಿತ್ತು, ಚಹಾ ಕುಡಿದ ಹೊರತು ಏಳದ ಮಹನೀಯರು ಪ್ರತಿಯೊಂದು ವಠಾರದಲ್ಲಿಯೂ ಒಬ್ಬರಾದರೂ ಇರುತ್ತಾರೆ. ಹಿಂದಿನ ಕಾಲದಲ್ಲಿ ಇಂಥವರು ಹಳ್ಳಿಯ ಜಗಲಿಯ ಮೇಲೆ ಕುಳಿತು ಎಮ್ಮೆಯ ಹೊಟ್ಟೆಯುಬ್ಬರಕ್ಕೂ ಕೂಸಿನ ಬಾಲಗ್ರಹಕ್ಕೂ ಔಷಧ ಹೇಳುತ್ತಿದ್ದರು. ಎಮ್ಮೆಗಳು ನಗರಕ್ಕೆ ಬರಲೊಲ್ಲದೆ ಊರಲ್ಲಿಯೇ ಉಳಿದುದರಿಂದ ಅವರ ವಿದ್ಯೆಯು ಅನಿವಾರ್ಯವಾಗಿ ಮಿಕ್ಸರಿನತ್ತ, ಫ್ಯಾನಿನತ್ತ, ಕಟ್ಟಕಡೆಗೆ ಬಟ್ಟೆ ಒಗೆಯುವ ಯಂತ್ರದತ್ತ ತಿರುಗಿತು. ಉಲ್ಹಾಸನಗರದ ನಮ್ಮ ಕಟ್ಟಡದಲ್ಲಿ ಈ ಪೀಠವನ್ನು ಅಲಂಕರಿಸಿರುವವರನ್ನು ಎಲ್ಲರೂ ಪಾನಾರಾಯರೆಂದು ಕರೆಯುವರು. ಊರಿನಿಂದ ಬಂದಿದ್ದ ನಮ್ಮ ಸೋದರಮಾವನವರು ಈ ಹೆಸರನ್ನು ಕೇಳಿದ್ದವರಾದುದರಿಂದ, ಸಾಯಂಕಾಲ ರಾಯರು ಬಾಗಿಲು ತಟ್ಟಿದೊಡನೆ ಮಕ್ಕಳನ್ನೆಲ್ಲ ಒಳಗೆ ಕಳುಹಿಸಿದ್ದುಂಟು. ಮರಾಠಿಯಲ್ಲಿ ಪಾನಾ ಎಂದರೆ ನಟ್ಟು ತಿರುಗಿಸುವ ಸ್ಪ್ಯಾನರೆಂದೂ, ರಾಯರು ಚಹವನ್ನಲ್ಲದೆ ಬೇರಾವ ಪಾನವನ್ನೂ ಅರಿಯದವರೆಂದೂ ಅವರಿಗೆ ತಿಳಿಯಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಇಂಥವರು ಎಲ್ಲಿಯಾದರೂ ಹುಟ್ಟಬಹುದಾದರೂ ಉಲ್ಹಾಸನಗರದಲ್ಲಿ ಬೆಳೆಯುವಷ್ಟು ಹುಲುಸಾಗಿ ಬೇರೆಡೆ ಬೆಳೆಯಲಾರರೆಂದು ನನ್ನ ನಂಬಿಕೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರು ಹೋಗುತ್ತ ಬರುತ್ತ ತಂಗಲೆಂದು ಕಲ್ಯಾಣದ ಮಗ್ಗುಲಲ್ಲಿ ಕಟ್ಟಿದ ಟ್ರಾನ್ಸಿಟ್ ಕ್ಯಾಂಪಿನ ಬರಾಕುಗಳಲ್ಲಿ, ದೇಶವಿಭಜನೆಯ ತರುವಾಯ ಸಿಂಧ್ ಪ್ರಾಂತದಿಂದ ಮನೆಮಾರು ತೊರೆದು ಬಂದವರನ್ನು ಇರಿಸಿ, 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರಿಂದ ಅಡಿಗಲ್ಲನ್ನು ಇಡಿಸಿ, ಸಮೀಪದಲ್ಲಿ ಹರಿಯುವ ಉಲ್ಹಾಸ ನದಿಯ ಹೆಸರನ್ನೇ ಕೊಟ್ಟು ಈ ನಗರವನ್ನು ನಿಲ್ಲಿಸಿದರು. ಸೈನ್ಯವು ಡೇರೆ ಕಿತ್ತು ಎಷ್ಟೋ ಕಾಲವಾಯಿತು. ಆದರೆ ನಮ್ಮ ವಿಳಾಸಗಳಲ್ಲಿ ಇಂದಿಗೂ ಒಂದರಿಂದ ಐದರವರೆಗಿನ ಕ್ಯಾಂಪು ನಂಬರುಗಳೇ ಉಳಿದಿವೆ. ಏನೂ ಇಲ್ಲದೆ ಬಂದ ಜನ ಏನನ್ನೂ ಎಸೆಯದ ಜನರಾದರು. ಪರದೇಶದ ಯಾವ ಸಾಮಾನನ್ನು ಮುಂದಿಟ್ಟರೂ ನಾಲ್ಕು ದಿನದಲ್ಲಿ ಅದರ ತಮ್ಮನನ್ನು ಮಾಡಿ ಕೊಡುವ ಕಸಬುದಾರರು ಇಲ್ಲಿದ್ದರೆಂದೂ, ಅದರ ಬೆನ್ನಿಗೆ ‘ಮೇಡ್ ಇನ್ ಯು.ಎಸ್.ಎ.’ ಎಂದು ಮುದ್ರೆಯೊತ್ತಿ, ತಕರಾರು ತೆಗೆದವರಿಗೆ ಅದು ‘ಉಲ್ಹಾಸನಗರ ಸಿಂಧಿ ಅಸೋಸಿಯೇಷನ್’ ಎಂಬುದರ ಸಂಕ್ಷೇಪವೆಂದು ಸಮಾಧಾನ ಹೇಳುತ್ತಿದ್ದರೆಂದೂ ಮುಂಬಯಿಯವರು ಇಂದಿಗೂ ಹೇಳಿಕೊಂಡು ನಗುತ್ತಾರೆ. ಇಂಥ ಊರಿನಲ್ಲಿ, ಕೆಟ್ಟ ಯಂತ್ರವನ್ನು ಮಾರಿ ಹೊಸದನ್ನು ತರುತ್ತೇನೆನ್ನುವವನು ರಣರಂಗದಿಂದ ಓಡಿಬಂದವನಿಗೆ ಸಮಾನ.

ಪಾನಾರಾಯರು ಮೂಲತಃ ಧಾರವಾಡದ ಕಡೆಯವರು. ಶಹಾಡಿನ ಕಡೆಯ ಒಂದು ಕಾರ್ಖಾನೆಯಲ್ಲಿ 31 ವರ್ಷ ಸೇವೆ ಸಲ್ಲಿಸಿ ನಿವೃತ್ತರಾದವರೆಂದು ಕೇಳಿದೊಡನೆ ಅವರನ್ನು ದೊಡ್ಡ ಯಂತ್ರಶಿಲ್ಪಿಗಳೆಂದು ಭಾವಿಸುವುದು ಸಹಜ. ಆದರೆ ಅವರಿದ್ದುದು ಉಗ್ರಾಣದಲ್ಲಿ. ಬೆಳಿಗ್ಗೆ ಬಂದ ಫಿಟ್ಟರುಗಳಿಗೆ ಪಾನಾಗಳನ್ನು ಎಣಿಸಿ ಕೊಟ್ಟು ರುಜು ಪಡೆಯುವುದು, ಸಾಯಂಕಾಲ ಎಣಿಸಿ ಹಿಂದಕ್ಕೆ ಪಡೆದು ರುಜು ಹಾಕುವುದು, ಒಂದು ಕಡಿಮೆಯಾದರೆ ಅನ್ನ ನೀರು ಬಿಡುವುದು, ಇಷ್ಟೇ ಅವರ ಉದ್ಯೋಗ. ಲಕ್ಷ ಬೋಲ್ಟುಗಳು ಅವರ ಕೈಮೇಲೆ ಹಾದುಹೋದವಾದರೂ ಅವುಗಳಲ್ಲಿ ಒಂದನ್ನಾದರೂ ಅವರು ಬಿಗಿದವರಲ್ಲ. ಆ ಅತೃಪ್ತಿಯೆಲ್ಲ ನಿವೃತ್ತಿಯ ಮರುದಿನವೇ ಹೊರಬಿದ್ದು, ಖಾಕಿ ಚೀಲವೊಂದನ್ನು ಹೆಗಲಿಗೇರಿಸಿತು. ಆ ಚೀಲದಲ್ಲಿ ಎಂಟರಿಂದ ಇಪ್ಪತ್ನಾಲ್ಕರವರೆಗಿನ ಪಾನಾಗಳು, ಒಂದು ರಸಮಟ್ಟ, ಮೋಂಬತ್ತಿ, ಮತ್ತು ಕಾರ್ಬನ್ ಕಾಗದ ಸಮೇತ ಒಂದು ರಸೀದಿ ಪುಸ್ತಕ ಯಾವಾಗಲೂ ಇರುವುವು.

ನಾವು ಕಳೆದ ವರ್ಷ ನಾಲ್ಕನೆಯ ಕ್ಯಾಂಪಿನಿಂದ ಐದನೆಯ ಕ್ಯಾಂಪಿಗೆ ಮನೆ ಬದಲಾಯಿಸಿದಾಗ, ಸಾಮಾನು ಸಾಗಿಸುವವರು ನಮ್ಮ ಒಗೆಯುವ ಯಂತ್ರವನ್ನು ಮದುವಣಗಿತ್ತಿಯನ್ನು ಇಳಿಸುವಷ್ಟು ಜೋಪಾನವಾಗಿ ಇಳಿಸಿ ಹೋದರು. ಮೊದಲ ದಿನ ಒಗೆಯುವವರೆಗೆ ಎಲ್ಲವೂ ಸುಸೂತ್ರವಾಗಿಯೇ ಇತ್ತು. ಹಿಂಡುವ ಘಳಿಗೆ ಬಂದಿತೋ ಇಲ್ಲವೋ, ಯಂತ್ರವು ಮೈಮೇಲೆ ಬಂದವರಂತೆ ನಡುಗಿ, ಗೋಡೆಯನ್ನು ಬಿಟ್ಟು, ಒಂದು ಮೊಳ ಮುಂದಕ್ಕೆ ನಡೆದು, ನಳದ ಕೊಳವೆಯು ಸೆಟೆದು ಹಿಂದಕ್ಕೆ ಜಗ್ಗಿದಾಗ, ಹಗ್ಗದ ಕೊನೆಯನ್ನು ಮುಟ್ಟಿದ ಹೋರಿಯಂತೆ ಅಲ್ಲಿಯೇ ನಿಂತು ಕುಣಿಯತೊಡಗಿತು. ಕೆಳಗಿನ ಮನೆಯ ಸಿಂಧಿ ಅಜ್ಜಿ ಏದುಸಿರು ಬಿಡುತ್ತ ಮೇಲೆ ಬಂದು, ಕರ್ಜತ್ ಲೋಕಲನ್ನು ನಿಮ್ಮ ಮನೆಯ ಮೂಲಕ ತಿರುಗಿಸಿದರೇನು ಎಂದು ಕೇಳಿದರು. ನಗೆಯ ಮಾತಾದರೂ ಅದರೊಳಗಿನ ಭಯ ನಗೆಯದಲ್ಲ. 2021ರ ಮೇ ತಿಂಗಳಲ್ಲಿ ಇದೇ ನಗರದ ಎರಡು ಕಟ್ಟಡಗಳಲ್ಲಿ ಸ್ಲ್ಯಾಬು ಕುಸಿದು ಜನ ಮಡಿದಂದಿನಿಂದ, ತಲೆಯ ಮೇಲೆ ಸದ್ದಾದರೆ ಮೊದಲು ಛಾವಣಿಯನ್ನು ನೋಡುವ ಅಭ್ಯಾಸ ನಮ್ಮವರಿಗೆಲ್ಲ ಆಗಿದೆ. ಅಜ್ಜಿಯ ಹಿಂದೆಯೇ ಖಾಕಿ ಚೀಲವೂ ಮೆಟ್ಟಿಲನ್ನೇರಿ ಬಂದಿತು.

ರಾಯರು ಯಂತ್ರದ ನೆತ್ತಿಯ ಮೇಲೆ ಮೂರು ಬೆರಳನ್ನಿಟ್ಟು ನಾಡಿಯನ್ನು ನೋಡಿದರು. ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೂ ತುದಿಯನ್ನು ಅದರ ಪಕ್ಕೆಗೂ ಆನಿಸಿ ಎದೆಬಡಿತವನ್ನು ಆಲಿಸಿದರು. ಅನಂತರ ಕನ್ನಡಕವನ್ನು ಹಣೆಗೇರಿಸಿ, “ಮನುಷ್ಯಾಗ ಹೆಂಗ ವಾತ, ಪಿತ್ತ, ಕಫ ಅವನೋ, ಮಶೀನಿಗೂ ಹಂಗ ಮೂರು ದೋಷ ಅವ ನೋಡ್ರಿ” ಎಂದು ಉಪಕ್ರಮಿಸಿದರು.

ಅವರ ಸಿದ್ಧಾಂತದಂತೆ, ಒಳಗಿನ ಅರಿವೆಗಳು ಒಂದೇ ಮಗ್ಗುಲಿಗೆ ಗಂಟುಕಟ್ಟುವುದು ವಾತ. ಹೊದಿಕೆಯೊಂದು ಉಳಿದ ಬಟ್ಟೆಗಳನ್ನೆಲ್ಲ ನುಂಗಿ ಉಂಡೆಯಾದರೆ ಸಾಕು, ವಾತವು ಪ್ರಕೋಪಗೊಳ್ಳುವುದು. ಈ ಮಾತನ್ನು ನಾನು ಹಗುರವಾಗಿ ಕಾಣಲಾರೆ. ಏಕೆಂದರೆ ಕಾಗದದ ಮೇಲೆ ಲೆಕ್ಕವಿಟ್ಟು ನೋಡಿದೆ. 48 ಸೆಂಟಿಮೀಟರ್ ಅಗಲದ ಡ್ರಮ್ಮು ನಿಮಿಷಕ್ಕೆ 1,000 ಸುತ್ತು ತಿರುಗುವಾಗ, ಅದರ ಅಂಚಿಗೆ ಅಂಟಿದ ಅರ್ಧ ಕಿಲೋ ತೂಕದ ಒದ್ದೆ ಟವೆಲ್ಲು ಸುಮಾರು 130 ಕಿಲೋ ಭಾರದ ಬಲದಿಂದ ಹೊರಕ್ಕೆ ಸೆಳೆಯುತ್ತದೆ. ವೇಗವು ಇಮ್ಮಡಿಯಾದರೆ ಈ ಸೆಳೆತವು ನಾಲ್ಮಡಿಯಾಗುತ್ತದೆ. ಸ್ನಾನಕ್ಕೆ ಹೋಗುವಾಗ ಹೆಗಲ ಮೇಲೆ ಸಾಧುವಿನಂತೆ ಮಲಗಿರುವ ವಸ್ತುವಿನಲ್ಲಿ ಇಂಥ ಮಲ್ಲನೊಬ್ಬನು ಅಡಗಿರುವನೆಂದು ಯಾರು ತಾನೆ ಬಲ್ಲರು?

ಇನ್ನು ಪಿತ್ತವೆಂದರೆ ಬೇರಿಂಗಿನ ಸವೆತ. ಡ್ರಮ್ಮನ್ನು ಬರಿಗೈಯಿಂದ ತಿರುಗಿಸಿದಾಗ ಒಳಗೆ ಹಿಟ್ಟಿನ ಗಿರಣಿಯ ಗುರುಗುಟ್ಟುವಿಕೆ ಕೇಳಿದರೆ ಪಿತ್ತವೆನ್ನಬೇಕು. ಕಫವೆಂದರೆ ಷಾಕ್ ಅಬ್ಸಾರ್ಬರುಗಳ ದೌರ್ಬಲ್ಯ. ಡ್ರಮ್ಮು ಮೇಲೆ ಸ್ಪ್ರಿಂಗುಗಳಿಂದ ಜೋತು, ಕೆಳಗೆ ಈ ಊರುಗೋಲುಗಳ ಮೇಲೆ ತೇಲುತ್ತಿರುತ್ತದೆ. ಒತ್ತಿ ಬಿಟ್ಟರೆ ಒಮ್ಮೆ ಮೇಲೆದ್ದು ಸುಮ್ಮನಾಗಬೇಕು, ತೊಟ್ಟಿಲಿನಂತೆ ತೂಗುತ್ತಲೇ ಇದ್ದರೆ ಕಫ. ಇದೆಲ್ಲವೂ ಸತ್ಯವಾದ ಶಾಸ್ತ್ರವೇ. ರಾಯರು ಡ್ರಮ್ಮನ್ನು ತಿರುಗಿಸಿದರು, ಗುರುಗುಟ್ಟಲಿಲ್ಲ. ಒತ್ತಿದರು, ಅದು ಅಲುಗಲೇ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ಒಂದು ಕ್ಷಣ ನಿಂತು ಯೋಚಿಸುತ್ತಿದ್ದರು. ರಾಯರು ಮಾತ್ರ, “ಭಾರೀ ಗಟ್ಟಿ ಮಾಲು!” ಎಂದು ಮೆಚ್ಚಿ ಅದರ ಬೆನ್ನು ಚಪ್ಪರಿಸಿದರು.

ಮೊದಲ ದಿನ ವಾತಕ್ಕೆ ಚಿಕಿತ್ಸೆ: ಯಂತ್ರವನ್ನು ಬರಿದುಮಾಡಿ ತಿರುಗಿಸಿದರು, ಬರಿದಾಗಿಯೂ ಅದು ಕುಣಿಯಿತು. ಎರಡನೆಯ ದಿನ ಫರ್ನಿಚರ್ ಬಜಾರಿನಿಂದ ಪ್ಲೈವುಡ್ಡಿನ ಚೂರುಗಳನ್ನು ತಂದು ನಾಲ್ಕು ಕಾಲಿಗೂ ಬೆಣೆಯಿಟ್ಟರು. ಯಂತ್ರವು ಬೆಣೆಗಳನ್ನು ಒಂದೊಂದಾಗಿ ಉಗುಳಿ ತನ್ನ ದಾರಿ ಹಿಡಿಯಿತು. ಮೂರನೆಯ ದಿನ ದಪ್ಪನೆಯ ರಬ್ಬರು ಹಾಸು ಬಂದಿತು. ಈಗ ಯಂತ್ರವು ಹಾಸಿನೊಡನೆ ನಡೆಯಿತು. ನಾಲ್ಕನೆಯ ದಿನ ರಾಯರು, ಕಾಲುಗಳನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿಯುವುದೊಂದೇ ಉಳಿದ ಮಾರ್ಗವೆಂದು ಸಾರಿ, ಕೊರೆಯುವ ಯಂತ್ರದೊಡನೆ ಬಂದರು. ಅವರಿಗೆ ಅರಿವಿಲ್ಲದೆಯೇ ಇತಿಹಾಸವು ಅವರ ಬೆಂಬಲಕ್ಕೆ ನಿಂತಿತ್ತು: ಅಮೆರಿಕದಲ್ಲಿ 1937ರಲ್ಲಿ ಪ್ರಕಟವಾದ ಬೆಂಡಿಕ್ಸ್ ಕಂಪೆನಿಯ ಮೊದಲ ಸ್ವಯಂಚಾಲಿತ ಯಂತ್ರಕ್ಕೆ ತೂಗುಡ್ರಮ್ಮಿನ ಏರ್ಪಾಡು ಇಲ್ಲದಿದ್ದುದರಿಂದ, ಅದು ನಡೆದುಹೋಗದಂತೆ ನಿಜವಾಗಿಯೂ ನೆಲಕ್ಕೆ ಬಿಗಿಯಬೇಕಾಗುತ್ತಿತ್ತು. ಆದರೆ ನನ್ನ ಹೆಂಡತಿಯು ಇತಿಹಾಸವನ್ನು ಲೆಕ್ಕಿಸುವವಳಲ್ಲ. ಹೊಸ ಟೈಲ್ಸಿಗೆ ತೂತು ಬಿದ್ದರೆ ಯಂತ್ರದೊಡನೆ ಇನ್ನಿಬ್ಬರನ್ನೂ ಅಲ್ಲಿಯೇ ಬಿಗಿಯಬೇಕಾದೀತೆಂದು ಅವಳು ಶಾಂತಸ್ವರದಲ್ಲಿ ತಿಳಿಸಿದಳು. ರಾಯರು ಚಹವನ್ನು ಅರ್ಧಕ್ಕೇ ಬಿಟ್ಟು ಎದ್ದುದನ್ನು ನಾನು ಕಂಡಿದ್ದು ಅದೊಂದೇ ಸಲ.

ಐದನೆಯ ದಿನ, ಮನೆಗೆಲಸದ ಬಾಯಿ ಯಂತ್ರದ ಹಿಂದೆ ಕಸ ಗುಡಿಸುತ್ತ, ಎರಡನೆಯ ಮಾಳಿಗೆಯವರ ಯಂತ್ರದ ಬೆನ್ನಿನಲ್ಲಿ ನಾಲ್ಕು ಪ್ಲಾಸ್ಟಿಕ್ ಬಿರಡೆಗಳಿವೆ, ನಿಮ್ಮದರಲ್ಲಿ ಕಬ್ಬಿಣದ ಬೋಲ್ಟುಗಳೇಕೆ ಎಂದು ಮರಾಠಿಯಲ್ಲಿ ಕೇಳಿದಳು. ರಾಯರೂ ನಾನೂ ಯಂತ್ರದ ಹಿಂದಕ್ಕೆ ಬಗ್ಗಿ, ಏಳುವಾಗ ಒಬ್ಬರ ತಲೆಗೆ ಒಬ್ಬರು ಡಿಕ್ಕಿ ಹೊಡೆದೆವು. ಅವು ಟ್ರಾನ್ಸಿಟ್ ಬೋಲ್ಟುಗಳು. ಪ್ರಯಾಣದಲ್ಲಿ ಡ್ರಮ್ಮು ತೂಗಾಡಿ ಮುರಿಯದಿರಲೆಂದು ಅದನ್ನು ಹೊರಗವಚಕ್ಕೆ ಬಿಗಿದು ಕಟ್ಟುವುದು ಅವುಗಳ ಕೆಲಸ. ಮನೆಗೆ ಮುಟ್ಟಿದ ಮೇಲೆ ಬಿಚ್ಚಬೇಕು. ಸಾಗಿಸುವವರು ಶಾಸ್ತ್ರೋಕ್ತವಾಗಿ ಹಾಕಿದ್ದರು. ಬಿಚ್ಚುವ ಶಾಸ್ತ್ರ ನಮಗೆ ಮರೆತಿತ್ತು. ಸ್ಪ್ರಿಂಗುಗಳೂ ಊರುಗೋಲುಗಳೂ ಕೈಕಾಲು ಕಟ್ಟಿಸಿಕೊಂಡು ಸುಮ್ಮನಿರಲು, ಡ್ರಮ್ಮಿನ ಸಂಕಟವೆಲ್ಲ ನೇರವಾಗಿ ಕವಚಕ್ಕೂ, ನೆಲಕ್ಕೂ, ಅಲ್ಲಿಂದ ಸಿಂಧಿ ಅಜ್ಜಿಯ ನಿದ್ದೆಗೂ ಇಳಿಯುತ್ತಿತ್ತು.

ಲಜ್ಜೆಯೆಂಬುದು ರಾಯರ ಉಗ್ರಾಣದಲ್ಲಿ ಎಂದೂ ದಾಸ್ತಾನಿದ್ದ ಸಾಮಾನಲ್ಲ. “ನಾ ಒತ್ತಿದಾಗನ ಅಲುಗಲಿಲ್ಲ ಅಂತ ಹೇಳಿದ್ದಿಲ್ಲೇನ್ರೀ? ಕಟ್ಟಿ ಹಾಕಿದ್ದನ್ನ ಬಿಚ್ಚದ ಕುಣೀಬ್ಯಾಡ ಅಂದ್ರ ಯಾರರೇ ಕೇಳ್ತಾರೇನು?” ಎಂದು ನಮ್ಮನ್ನೇ ಗದರಿಸಿ, ಹತ್ತನೆಯ ನಂಬರಿನ ಪಾನಾ ತೆಗೆದು ನಾಲ್ಕನ್ನೂ ಬಿಚ್ಚಿದರು. ಆಮೇಲೂ ಒಂದಿಷ್ಟು ನಡುಕ ಉಳಿದಿತ್ತು. ಆಗ ಅವರು ರಸಮಟ್ಟವನ್ನು ಯಂತ್ರದ ಮೇಲಿಟ್ಟು, ಎದುರುಬದುರಿನ ಮೂಲೆಗಳನ್ನು ಒತ್ತಿ ಕುಂಟುವ ಕಾಲನ್ನು ಗುರುತಿಸಿ, ಬಚ್ಚಲಿನತ್ತ ಇಳಿಜಾರಾದ ನೆಲಕ್ಕೆ ತಕ್ಕಂತೆ ಆ ಕಾಲನ್ನು ಮೂರು ಸುತ್ತು ಇಳಿಸಿ, ಮೇಲಿನ ತಡೆನಟ್ಟನ್ನು ಬಿಗಿದುದನ್ನು ನಾನು ಸತ್ಯಕ್ಕೆ ಕಟ್ಟುಬಿದ್ದು ಹೇಳಲೇಬೇಕು. ಅಂದು ಹಿಂಡುವ ಘಳಿಗೆಯಲ್ಲಿ ಯಂತ್ರದ ಮೇಲಿಟ್ಟಿದ್ದ ಚಹದ ಲೋಟದಲ್ಲಿ ತೆಳುವಾದ ಅಲೆಗಳೆದ್ದುವೇ ಹೊರತು ಒಂದು ಹನಿಯೂ ತುಳುಕಲಿಲ್ಲ. ಜೀವಮಾನದಲ್ಲಿ ಮೊದಲ ಬೋಲ್ಟನ್ನು ಬಿಚ್ಚಿದ ಕೈಗಳನ್ನು ರಾಯರು ಬಹಳ ಹೊತ್ತು ಒರೆಸಿಕೊಳ್ಳುತ್ತಿದ್ದರು.

ಹೊರಡುವ ಮುನ್ನ ಅವರು ಮಾಡಿದ ಕೆಲಸವನ್ನು ನೆನೆದರೆ ನನಗೆ ಇಂದಿಗೂ ಅವರ ಮೇಲೆ ಗೌರವ ಹುಟ್ಟುತ್ತದೆ. ನಾಲ್ಕು ಬೋಲ್ಟುಗಳನ್ನೂ ಎಣ್ಣೆಬಟ್ಟೆಯಿಂದ ಒರೆಸಿ, ಹಳೆಯ ವೃತ್ತಪತ್ರಿಕೆಯಲ್ಲಿ ಪೊಟ್ಟಣ ಕಟ್ಟಿ, ಅದರ ಮೇಲೆ ದುಂಡಕ್ಷರದಲ್ಲಿ ‘ಟ್ರಾನ್ಸಿಟ್ ಬೋಲ್ಟ್, ನಗ 4’ ಎಂದು ತಾರೀಖಿನೊಡನೆ ಬರೆದು, ನನ್ನಿಂದ ರಸೀದಿಗೆ ರುಜು ಪಡೆದು, ಮುಂದಿನ ಸಲ ಮನೆ ಬದಲಿಸುವಾಗ ಇವುಗಳಿಲ್ಲದೆ ಯಂತ್ರವನ್ನು ಲಾರಿಗೆ ಏರಿಸಕೂಡದೆಂದು ಆಣೆಯಿಟ್ಟರು. ನಾನು ರುಜು ಹಾಕುವಾಗ, ಟ್ರಾನ್ಸಿಟ್ ಕ್ಯಾಂಪಿನಲ್ಲಿ ಇಳಿದು ಇಲ್ಲಿಯೇ ಬೇರುಬಿಟ್ಟ ಕೆಳಮನೆಯ ಅಜ್ಜಿ ಬಾಗಿಲಲ್ಲಿ ನಿಂತು, ನಾನೂ ಬರಾಕಿನ ಬೀಗದ ಕೈಯನ್ನು ಹೀಗೆಯೇ ಕಟ್ಟಿಟ್ಟಿದ್ದೇನೆ ಎಂದರು.

ಆದುದರಿಂದ ವಾಚಕಮಹಾಶಯರಲ್ಲಿ ನನ್ನ ಬಿನ್ನಹವಿಷ್ಟೆ: ನಿಮ್ಮ ಮನೆಯ ಯಂತ್ರವು ನಡುಗಿದರೆ ಮೊದಲು ಅದರ ಬೆನ್ನನ್ನು ನೋಡಿರಿ, ಆಮೇಲೆ ಕಾಲನ್ನು ನೋಡಿರಿ, ಅನಂತರ ಒಳಗಿನ ಬಟ್ಟೆಯನ್ನು ಬಿಡಿಸಿ ಹರಡಿರಿ. ಇಷ್ಟರಿಂದಲೇ ನಡುಕ ನಿಂತರೂ ನಿಮ್ಮ ವಠಾರದ ಪಾನಾರಾಯರನ್ನು ಒಮ್ಮೆ ಕರೆಯಿರಿ. ಪೊಟ್ಟಣ ಕಟ್ಟುವುದಕ್ಕಾದರೂ ಅವರು ಬೇಕು.