ಪಾರ್ಟ್ನರ್ ಬೇಕಾಗಿದ್ದಾರೆ

(ದೋರನಹಳ್ಳಿಯ ಚಹಾದಂಗಡಿ. ಶಹಾಪುರದಲ್ಲಿ ಆಫೀಸು ಗುಡಿಸುವ ಗುತ್ತಿಗೆ ಹಿಡಿದ ಸಾವ್ಕಾರರು ಈಗ ಮನೆಗಳಿಗೂ ಕಾಲಿಡುತ್ತಿದ್ದಾರೆ. ಫ್ಲೆಕ್ಸ್ ಬಂದಿದೆ, ಆಳು ಬಂದಿಲ್ಲ. ನಮ್ಮಲ್ಲಿ ಧಂದೆ ಶುರುವಾಗುವುದೇ ಈ ಕ್ರಮದಲ್ಲಿ.)

ಸಾವ್ಕಾರ: ಯಕ್ಕಾ, ನಾಳಿಂದ ನೀ ನಮ್ಮ ಸ್ಟಾಫ್. ಟೀ ಶರ್ಟ್ ಕೊಡ್ತೀನಿ.

ಅಕ್ಕ: ಸೀರಿ ಮ್ಯಾಲೇನ್ರಿ? ಪಗಾರ ಎಷ್ಟ್ರಿ?

ಸಾವ್ಕಾರ: ಪಗಾರ ಅನ್ಬ್ಯಾಡ, ಪಾರ್ಟ್ನರ್ ಅನ್ನು. ಬೆಂಗಳೂರಾಗ ಆ್ಯಪ್‌ನವರು ಹಂಗೇ ಅಂತಾರ.

ಅಕ್ಕ: ಲಾಭದಾಗ ಪಾಲು ಅದ ಏನ್ರಿ?

ಸಾವ್ಕಾರ: ಕಸದಾಗ ಅದ.

ಅಕ್ಕ: ಮನಿಗೆಲಸಕ್ಕ ಕನಿಷ್ಠ ಕೂಲಿ 2004ರಾಗೇ ಸರಕಾರ ಗೊತ್ತು ಮಾಡ್ಯಾದಲ್ರಿ.

ಸಾವ್ಕಾರ: ಅದು ಶಹರದ ಕಾಯ್ದಾ!

ಅಕ್ಕ: ದೋರನಹಳ್ಳಿ ಕರ್ನಾಟಕದಾಗ ಇಲ್ಲೇನ್ರಿ?

ಸಾವ್ಕಾರ: ಇರ್ಲಿ ಬಿಡು. ಮದಲ್ನೇ ಆರ್ಡರ್ ಗೃಹಪ್ರವೇಶದ ಮನಿ, ಒಂದೇ ದಿನದ ಕೆಲಸ. ಹೊಸ ಶಹಾಬಾದ್ ಪರಸಿ ತಿಕ್ಲಾಕ ಐದು ಲೀಟರ್ ಆ್ಯಸಿಡ್ ತಂದೀನಿ.

ಅಕ್ಕ: ಅಯ್ಯ! ಶಹಾಬಾದ್ ಕಲ್ಲು ಸುಣ್ಣದ ಕಲ್ರಿ. ಆ್ಯಸಿಡ್ ಬಿದ್ರ ಬುರುಬುರು ನೊರಿ ಏಳ್ತದ, ಹೊಳಪು ಹೋಗಿ ಬೆಳ್ಳನ ಕಲಿ ಉಳಿತದ.

ಸಾವ್ಕಾರ: ಉಳದ್ರ ಚೊಲೋನೇ ಆತು, ಪಾಲಿಶಿಗೆ ಬ್ಯಾರೆ ಚಾರ್ಜ್!

ಅಕ್ಕ: ಫ್ಲೆಕ್ಸ್‌ನಾಗ ಸಂಡಾಸದ ಗುಂಡಿನೂ ಬರಸೀರಲ್ರಿ?

ಸಾವ್ಕಾರ: ಒಂದ್ಸಲದ ಕೆಲಸ. ನಿನ್ ಮಗನ್ನ ಇಳಸಿದ್ರಾತು.

ಅಕ್ಕ: 2013ರ ಕಾಯ್ದಾ ಅದ ರೀ. ಇಳದಂವಗಲ್ಲ, ಇಳಸಿದಂವಗ ಎರಡು ವರ್ಷದ ತನಕ ಜೈಲು.

(ಸಾವ್ಕಾರರು ಫ್ಲೆಕ್ಸ್ ಸುತ್ತತೊಡಗಿದರು.)

ಸಾವ್ಕಾರ: ಗುಂಡಿ ಬಿಟ್ಟೆ. ನಾಳಿ ಬರ್ತೀ ಹೌದಿಲ್ಲೋ?

ಅಕ್ಕ: ಹತ್ತಿ ಬಿಡಿಸೋದದ ರೀ. ಕಿಲೋ ಲೆಕ್ಕ, ಸಂಜೀಕ ರೊಕ್ಕ. ಅಲ್ಲಿ ಯಾರೂ ಪಾರ್ಟ್ನರ್ ಅನ್ನಂಗಿಲ್ಲ.

ಸಾವ್ಕಾರ (ಚಹಾದವನಿಗೆ): ನೀನರ ಬರ್ತೀ ಏನೋ ತಮ್ಮಾ?

ಚಹಾದವ: ಮದಲ ನಿಮ್ಮ ಉದ್ರಿ ಸ್ವಚ್ಛ ಮಾಡ್ರಿ, ಸಾವ್ಕಾರ್ರೇ.